ಕಡತವೂ ಅದರ ಕೀಲಿಕೈಯೂ

ಕಡತವೆಂದರೆ ಪೂರ್ವದಲ್ಲಿ ಹುಣಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು ಕಪ್ಪಾಗಿಸಿದ ಅರಿವೆಯ ಮಡಿಕೆಯ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅದೇ ಹೆಸರು ಇಂದು ಗಣಕಯಂತ್ರದೊಳಗಣ ಬರಹಕ್ಕೂ ಸಂದಿದೆ. ಆದರೆ ಇವೆರಡಕ್ಕೂ ಮಹತ್ತರವಾದ ಭೇದವುಂಟು. ಅರಿವೆಯ ಕಡತವನ್ನು ಬಿಚ್ಚಿದೊಡನೆ ಅಕ್ಷರವು ಕಣ್ಣಿಗೆ ಗೋಚರಿಸುವುದು; ಗಣಕದ ಕಡತದಲ್ಲಿರುವುವು ಅಂಕೆಗಳು ಮಾತ್ರ. ಯಾವ ಅಂಕೆಗೆ ಯಾವ ಅಕ್ಷರವೆಂಬ ಸಂಕೇತವನ್ನರಿತ ತಂತ್ರಾಂಶವಿಲ್ಲದಿದ್ದರೆ ಅದು ತೆರೆಯದು, ತೆರೆದರೂ ಅರ್ಥವಾಗದು.

ಇಂಥ ಸಂಕಟವು ಗೋಕಾಕ ಸೀಮೆಗೆ ಹೊಸದಲ್ಲ. ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯ ದಡದ ಮೇಲಿರುವ ಮಹಾಲಿಂಗೇಶ್ವರ ದೇವಾಲಯವು ಚಾಲುಕ್ಯರ ಕಾಲದ್ದು. ಆ ಕಾಲದ ಶಾಸನಗಳನ್ನು ಇಂದಿನ ಕನ್ನಡಿಗನು ಅಭ್ಯಾಸವಿಲ್ಲದೆ ಓದಲಾರನು. 1956ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಈ ಪ್ರದೇಶದ ಹಳೆಯ ದಪ್ತರಗಳಲ್ಲಿ ಮೋಡಿ ಲಿಪಿಯ ಬರಹಗಳುಂಟು. ಮರಾಠಿಯನ್ನು ಬಲ್ಲವನೂ ಮೋಡಿಯನ್ನು ಕಲಿಯದಿದ್ದರೆ ಅವುಗಳ ಮುಂದೆ ನಿರಕ್ಷರನೇ ಸರಿ. ಆದರೆ ಶಾಸನದ ಲಿಪಿಯು ಅಪರಿಚಿತವಾಗಲು ಶತಮಾನಗಳು ಬೇಕಾದವು. ಗಣಕದ ಕನ್ನಡಕ್ಕೆ ಇಪ್ಪತ್ತೇ ವರ್ಷಗಳು ಸಾಕಾದವು.

ಇದಕ್ಕೆ ಕಾರಣವೇನು? ಮೊದಮೊದಲು ಗಣಕದ ಅಕ್ಷರಕೋಷ್ಠಕದಲ್ಲಿ 256 ಸ್ಥಾನಗಳು ಮಾತ್ರ ಇದ್ದವು. ಅವೂ ಆಂಗ್ಲ ಮೊದಲಾದ ಪಾಶ್ಚಾತ್ಯ ಭಾಷೆಗಳ ವಶದಲ್ಲಿದ್ದವು. ಕನ್ನಡದ ಅಚ್ಚುಗಳನ್ನು ರಚಿಸಿದವರು ಆ ಸ್ಥಾನಗಳಲ್ಲಿಯೇ ನಮ್ಮ ಅಕ್ಷರಗಳ ತುಂಡುಗಳನ್ನು ಕುಳ್ಳಿರಿಸಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಬರೆದ ‘ಕ’ಕಾರವನ್ನು ನುಡಿಯ ಅಚ್ಚಿಲ್ಲದ ಗಣಕದಲ್ಲಿ ತೆರೆದರೆ, ಆಂಗ್ಲದ ‘ಪಿ’ ಅಕ್ಷರವೂ ನೆತ್ತಿಯ ಮೇಲೆ ಗೀರುಳ್ಳ ‘ಎ’ ಅಕ್ಷರವೂ ಜೊತೆಯಾಗಿ ಕಾಣುವುವು. ‘ಶ್ರೀಲಿಪಿ’ಯ ಸಂಕೇತವು ಬೇರೆಯೇ. ಹೀಗೆ ಒಂದೇ ಭಾಷೆಗೆ ಹಲವು ಗೂಢಲಿಪಿಗಳಾದವು.

1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಸಂಕೇತಪದ್ಧತಿಯು ಕನ್ನಡಕ್ಕೆ 128 ಸ್ವತಂತ್ರ ಸ್ಥಾನಗಳನ್ನು ಕಾದಿರಿಸಿತು. ಅದರಲ್ಲಿ ‘ಕ’ಕಾರದ ಸಂಖ್ಯೆ 3221, ಯಾವ ದೇಶದ ಗಣಕದಲ್ಲಿಯೂ ಅದು ಬದಲಾಗದು. ಇಲ್ಲಿ ವೈಯಾಕರಣರಿಗೆ ಪ್ರಿಯವಾಗುವ ಸಂಗತಿಯೊಂದುಂಟು. ‘ಕರ್ನಾಟಕ’ ಎನ್ನುವಾಗ ಬಾಯಿ ರೇಫವನ್ನು ಮೊದಲು ನುಡಿಯುವುದು. ಲೇಖನಿಯಾದರೋ ಅರ್ಕಾವತ್ತನ್ನು ನಕಾರದ ಬಳಿಕ ಬರೆಯುವುದು. ನುಡಿಯ ಹಳೆಯ ಕಡತವು ಲೇಖನಿಯ ಕ್ರಮವನ್ನು ಅನುಸರಿಸಿದರೆ, ಯೂನಿಕೋಡು ಬಾಯಿಯ ಕ್ರಮವನ್ನು ಅನುಸರಿಸುತ್ತದೆ. ಆದುದರಿಂದ ಪರಿವರ್ತಕ ತಂತ್ರಾಂಶವು ಅಕ್ಷರಕ್ಕೆ ಅಕ್ಷರವನ್ನಿಟ್ಟರೆ ಸಾಲದು, ಕ್ರಮವನ್ನೂ ತಿದ್ದಬೇಕು. ಪರಿವರ್ತನೆಯಾದ ಬರಹದಲ್ಲಿ ಅರ್ಕಾವತ್ತು, ಒತ್ತಕ್ಷರ, ದೀರ್ಘಗಳನ್ನು ಕಣ್ಣಿಟ್ಟು ಪರೀಕ್ಷಿಸತಕ್ಕದ್ದು ಈ ಕಾರಣಕ್ಕಾಗಿಯೇ.

ಪುಸ್ತಕಗಳ ಕಡತಗಳಿಗಂತೂ ಎರಡೆರಡು ಕೀಲಿಗಳು. ಅನೇಕ ಕನ್ನಡ ಗ್ರಂಥಗಳ ಪುಟಗಳು 1985ರಲ್ಲಿ ಹೊರಬಂದ ಪೇಜ್‌ಮೇಕರ್ ಎಂಬ ತಂತ್ರಾಂಶದಲ್ಲಿ ಸಿದ್ಧವಾದುವು. ಅದರ ಕೊನೆಯ ಆವೃತ್ತಿ 2001ರದು. ಇಂದು ಅದಿಲ್ಲದವರು 2015ರಲ್ಲಿ ಬಂದ ಲಿಬ್ರೆ ಆಫೀಸ್ 4.4ರಲ್ಲಿಯೋ ಅದರ ನಂತರದ ಆವೃತ್ತಿಗಳಲ್ಲಿಯೋ ಅಂಥ ಕಡತವನ್ನು ತೆರೆಯಲು ಯತ್ನಿಸಬಹುದು. ಹೊರಗಿನ ಕೀಲಿ ತೆರೆದರೂ ಒಳಗಿನದು ಉಳಿಯುವುದು: ಬರಹದಲ್ಲಿ ಬಳಸಿದ ಅಚ್ಚಿನ ಹೆಸರನ್ನು ನೋಡಿ, ಅದೇ ಅಚ್ಚನ್ನು ಗಣಕದಲ್ಲಿ ಸ್ಥಾಪಿಸಬೇಕು; ಅಕ್ಷರವು ಕಂಡ ಬಳಿಕ ಯೂನಿಕೋಡಿಗೆ ತರಬೇಕು. ಮೂಲ ಕಡತವನ್ನು ಮಾತ್ರ ತಿದ್ದದೆ, ಅಳಿಸದೆ, ಪ್ರತಿಯೊಂದರ ಮೇಲೆಯೇ ಈ ಕೆಲಸವನ್ನು ನಡೆಸತಕ್ಕದ್ದು. ಪರಿವರ್ತಕವು ಇಂದು ಕೆಡಿಸಿದುದನ್ನು ನಾಳೆ ಸರಿಪಡಿಸಲು ಮೂಲವೊಂದೇ ಆಧಾರ.

ಗೋಕಾಕ ತಾಲೂಕಿನ ಬೆಟಗೇರಿಯವರಾದ ಕೃಷ್ಣಶರ್ಮರು ನಡೆಸಿದ ‘ಜಯಂತಿ’ ಮಾಸಪತ್ರಿಕೆಯ ಹಳೆಯ ಸಂಚಿಕೆಯು ಕೈಗೆ ಸಿಕ್ಕಿದರೆ ಶಾಲೆಯ ಬಾಲಕನೂ ಇಂದು ಓದಬಲ್ಲನು. ಅದಕ್ಕಿಂತ ಎಷ್ಟೋ ಈಚಿನದಾದ, ಗಣಕದಲ್ಲಿ ಬರೆದಿಟ್ಟ ಊರಿನ ಚರಿತ್ರೆ, ಜಾತ್ರೆಯ ಹಾಡುಗಳ ಸಂಗ್ರಹ, ಹಿರಿಯರ ಆತ್ಮಕಥನಗಳು ಮನೆಯ ಪೆಟ್ಟಿಗೆಯಲ್ಲಿ ಮೂಕವಾಗಿ ಬಿದ್ದಿರಬಹುದು. ‘ಇದು ಕೆಟ್ಟುಹೋಗಿದೆ’ ಎಂದು ಅವನ್ನು ಅಳಿಸುವವರು ಕೆಡದ ಬರಹವನ್ನು ಕೊಲ್ಲುವವರಾಗುತ್ತಾರೆ. ಮೋಡಿಯ ದಪ್ತರವನ್ನು ಓದಿಸಲು ಬಲ್ಲವರನ್ನು ಹುಡುಕಿಕೊಂಡು ಹೋಗುವಂತೆ, ಈ ಕಡತಗಳಿಗೂ ಬಲ್ಲವರನ್ನು ಹುಡುಕುವುದು, ಆ ಅಚ್ಚುಗಳೂ ಆ ತಂತ್ರಾಂಶಗಳೂ ದೊರೆಯುತ್ತಿರುವಾಗಲೇ ಹುಡುಕುವುದು, ವಿದ್ಯಾವಂತ ಕುಟುಂಬಗಳ ಕರ್ತವ್ಯವಾಗಿದೆ.