ಲಗತ್ತು ಕಡತದ ಕೊಂಡಿ: ಹೆಸರು, ನಮೂನೆ, ಗಾತ್ರ

ಜಾಲತಾಣದ ಪುಟಕ್ಕೆ ಲಗತ್ತಿಸಿದ ಪಿಡಿಎಫ್, ವರ್ಡ್ ಅಥವಾ ಎಕ್ಸೆಲ್ ಕಡತವನ್ನು ಓದುಗರು ತೆರೆಯುವುದು ಒಂದು ಕೊಂಡಿಯ ಮೂಲಕ. ಆ ಕೊಂಡಿ ಹೇಗೆ ಕಾಣಿಸಬೇಕೆಂಬುದನ್ನು ನಿರ್ಧರಿಸುವ ಸೌಲಭ್ಯ ವರ್ಡ್‌ಪ್ರೆಸ್, ಡ್ರುಪಲ್ ಮೊದಲಾದ ವಿಷಯ ನಿರ್ವಹಣಾ ತಂತ್ರಾಂಶಗಳಲ್ಲಿದೆ. ಅದನ್ನು ಬಳಸದೇ ಬಿಟ್ಟ ತಾಣಗಳಲ್ಲಿ 'ಇಲ್ಲಿ ಕ್ಲಿಕ್ ಮಾಡಿ' ಎಂದೋ, ಸ್ಕ್ಯಾನಿಂಗ್ ಯಂತ್ರ ಕೊಟ್ಟ ಅಂಕಿಗಳ ಸಾಲೋ ಕೊಂಡಿಯಾಗಿ ಉಳಿಯುತ್ತದೆ.

1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟ ಉಡುಪಿ ಜಿಲ್ಲೆಯ ಜಿಲ್ಲಾಧಿಕಾರಿ ಕಚೇರಿ ಮಣಿಪಾಲದ ರಜತಾದ್ರಿಯಲ್ಲಿದೆ. ಆದೇಶದ ಒಂದು ಪ್ರತಿಗಾಗಿ ಕಾರ್ಕಳದಿಂದಲೋ ಕಾಪುವಿನಿಂದಲೋ ಬಸ್ಸು ಹಿಡಿದು ಬರುವ ಶ್ರಮವನ್ನು ತಪ್ಪಿಸುವುದೇ ಜಾಲತಾಣದ ಕಡತದ ಉದ್ದೇಶ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧವಿರುತ್ತದೆ. ಅದರ ಆದೇಶ ಹುಡುಕುವ ಕಾಪುವಿನ ಮೀನುಗಾರರಿಗೆ ಪುಟದಲ್ಲಿ ಹತ್ತು ಬಾರಿ 'ಡೌನ್‌ಲೋಡ್' ಎಂಬ ಪದ ಮಾತ್ರ ಕಂಡರೆ ಹತ್ತನ್ನೂ ತೆರೆದು ನೋಡದೆ ಗತ್ಯಂತರವಿಲ್ಲ. ಎರಡು ಪುಟದ ಆದೇಶ ಸ್ಕ್ಯಾನ್ ಆಗಿ ಹಲವು ಎಂಬಿ ತೂಗುವುದೂ ಉಂಟು. ಮಳೆಗಾಲದ ದುರ್ಬಲ ಸಂಪರ್ಕದಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ.

ಸರಕಾರಿ ತಾಣಗಳ ಮಟ್ಟಿಗೆ ಇದು ಕೇವಲ ಸೌಜನ್ಯದ ಮಾತಲ್ಲ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ 2009ರಲ್ಲಿ ರೂಪಿಸಿದ ಮಾರ್ಗಸೂಚಿ ಕಡತದ ಕೊಂಡಿಯ ಜತೆಗೆ ಅದರ ನಮೂನೆ ಮತ್ತು ಗಾತ್ರವನ್ನು ತಿಳಿಸಬೇಕೆನ್ನುತ್ತದೆ. ಮಾರ್ಗಸೂಚಿಯ ಮೂರನೇ ಆವೃತ್ತಿ 2023ರಲ್ಲಿ ಹೊರಬಂದಿದೆ. ಉಡುಪಿ ಜಿಲ್ಲಾ ತಾಣವೂ ಬಳಸುವ ಎನ್‌ಐಸಿಯ ಎಸ್‌3ವಾಸ್ ಚೌಕಟ್ಟಿನಲ್ಲಿ ಕಡತದ ಪಕ್ಕದಲ್ಲಿ ಗಾತ್ರ ತಾನಾಗಿಯೇ ಮೂಡುತ್ತದೆ. ಸ್ವಂತ ವರ್ಡ್‌ಪ್ರೆಸ್ ತಾಣ ನಡೆಸುವ ಸಂಘ, ಸಹಕಾರಿ ಬ್ಯಾಂಕು, ಶಾಲೆಗಳು ಮಾತ್ರ ಈ ಏರ್ಪಾಡನ್ನು ತಾವೇ ಮಾಡಿಕೊಳ್ಳಬೇಕು.

ವರ್ಡ್‌ಪ್ರೆಸ್‌ನಲ್ಲಿ ಕಡತದ ಹೆಸರು, ಮಾಧ್ಯಮ ಸಂಗ್ರಹದಲ್ಲಿನ ಶೀರ್ಷಿಕೆ ಮತ್ತು ಪುಟದಲ್ಲಿ ಕಾಣುವ ಕೊಂಡಿಯ ಪಠ್ಯ ಇವು ಮೂರೂ ಬೇರೆ ಬೇರೆ. ಗೊಂದಲ ಹುಟ್ಟುವುದೇ ಇಲ್ಲಿ. 2018ರ ಡಿಸೆಂಬರಿನಲ್ಲಿ ಬಂದ 5.0 ಆವೃತ್ತಿಯ 'ಫೈಲ್' ಬ್ಲಾಕಿನಲ್ಲಿ ಕೊಂಡಿಯ ಪಠ್ಯವನ್ನು ನೇರವಾಗಿ ತಿದ್ದಬಹುದು, ಡೌನ್‌ಲೋಡ್ ಗುಂಡಿಯನ್ನು ಮರೆಮಾಡಬಹುದು. ಪಿಡಿಎಫ್ ಅನ್ನು ಪುಟದೊಳಗೇ ತೋರಿಸುವ ಆಯ್ಕೆ 2021ರ 5.8ರಲ್ಲಿ ಸೇರಿತು. ಕೊಂಡಿಯು ಕಡತಕ್ಕೇ ಹೋಗಬೇಕೇ ಹೊರತು 'ಅಟ್ಯಾಚ್‌ಮೆಂಟ್' ಪುಟಕ್ಕಲ್ಲ. ಬಹುತೇಕ ಖಾಲಿಯಾಗಿರುವ ಆ ಪುಟವನ್ನು 2023ರ 6.4 ಆವೃತ್ತಿ ಹೊಸ ತಾಣಗಳಲ್ಲಿ ನಿಷ್ಕ್ರಿಯಗೊಳಿಸಿದ್ದರೂ ಹಳೆಯ ತಾಣಗಳಲ್ಲಿ ಅದು ಉಳಿದೇ ಇದೆ.

ಗಾತ್ರವನ್ನು ಕೈಯಿಂದ ಬರೆಯುವುದು ಸರಳವಾದರೂ ಕಡತ ಬದಲಾದಾಗ ಸುಳ್ಳಾಗುತ್ತದೆ. 2022ರ 6.0 ಆವೃತ್ತಿಯಿಂದ ಅಪ್‌ಲೋಡ್ ಮಾಡುವಾಗಲೇ ಗಾತ್ರ ದಾಖಲಾಗುವುದರಿಂದ ಕೆಲವೇ ಸಾಲುಗಳ ಪಿಎಚ್‌ಪಿ ಸಂಕೇತ ಅದನ್ನು ಓದಿ ಕೊಂಡಿಗೆ ಜೋಡಿಸಬಲ್ಲದು. ಆ ಸಾಲುಗಳನ್ನು ಥೀಮಿನಲ್ಲೇ ಬರೆದರೆ ಮುಂದಿನ ಪರಿಷ್ಕರಣೆಯಲ್ಲಿ ಅಳಿಸಿಹೋಗುತ್ತವೆ. ಚೈಲ್ಡ್ ಥೀಮ್ ಅಥವಾ ಪುಟ್ಟ ಪ್ಲಗಿನ್ ಅವುಗಳಿಗೆ ಸರಿಯಾದ ಜಾಗ. ವಿಳಾಸದ ಕೊನೆಯಲ್ಲಿ ಪಿಡಿಎಫ್ ಎಂದಿರುವ ಕೊಂಡಿಗಳಿಗೆಲ್ಲ ಚಿಹ್ನೆ ಹಾಕುವುದಷ್ಟೇ ಬೇಕಿದ್ದರೆ ಸಿಎಸ್‌ಎಸ್‌ನ ಒಂದು ನಿಯಮ ಸಾಕು, ಆದರೆ ಗಾತ್ರ ಸಿಎಸ್‌ಎಸ್‌ಗೆ ತಿಳಿಯದು. ಡ್ರುಪಲ್‌ನಲ್ಲಿ ಫೈಲ್ ಫೀಲ್ಡಿನ ವಿವರಣೆಯನ್ನೇ ಕೊಂಡಿಯ ಪಠ್ಯವಾಗಿಸುವ ಮತ್ತು ಕಡತಗಳನ್ನು ಗಾತ್ರ ಸಮೇತ ಕೋಷ್ಟಕವಾಗಿ ತೋರಿಸುವ ಆಯ್ಕೆಗಳು ಮೊದಲೇ ಇವೆ.

ಕನ್ನಡದ ಮಟ್ಟಿಗೆ ಇನ್ನೊಂದು ತೊಡಕಿದೆ. ಕಡತಕ್ಕೆ ಕನ್ನಡದಲ್ಲೇ ಹೆಸರಿಟ್ಟು ಏರಿಸಿದರೆ ವಿಳಾಸದಲ್ಲಿ ಪ್ರತಿಯೊಂದು ಯೂನಿಕೋಡ್ ಸಂಕೇತ ಮೂರು ಬೈಟುಗಳಾಗಿ, ಶೇಕಡಾ ಚಿಹ್ನೆ ಸಹಿತ ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ. ಸ್ವರಚಿಹ್ನೆಗಳೂ ಪ್ರತ್ಯೇಕ ಸಂಕೇತಗಳಾದ್ದರಿಂದ 'ಕಾಪು' 36 ಅಕ್ಷರ, 'ಉಡುಪಿ' 45, 'ಕಾರ್ಕಳ' ಮತ್ತು 'ಮಣಿಪಾಲ' ತಲಾ 54 ಅಕ್ಷರಗಳಾಗುತ್ತವೆ. ಇಂತಹ ವಿಳಾಸ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದಾಗ ನಂಬಿಕೆಯನ್ನೇ ಹುಟ್ಟಿಸದು. ಕಡತದ ಹೆಸರು ಚುಟುಕಾಗಿ ಇಂಗ್ಲಿಷ್ ಲಿಪಿಯಲ್ಲಿರಲಿ, ಶೀರ್ಷಿಕೆ ಮತ್ತು ಕೊಂಡಿಯ ಪಠ್ಯ ಅಚ್ಚುಕಟ್ಟಾದ ಕನ್ನಡದಲ್ಲಿರಲಿ ಎಂಬುದು ರೂಢಿಗೆ ಬರಬೇಕಾದ ಕ್ರಮ. ಸ್ಕ್ಯಾನ್ ಮಾಡಿದ ಅಥವಾ ನುಡಿಯ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಪಿಡಿಎಫ್‌ನ ಒಳಗಿನ ಪದಗಳನ್ನು ಹುಡುಕುವುದು ದುಸ್ತರವಾದ್ದರಿಂದ ಯೂನಿಕೋಡ್ ಕೊಂಡಿಯ ಪಠ್ಯವೇ ಶೋಧಯಂತ್ರಕ್ಕೆ ಆಧಾರ. ದೃಷ್ಟಿಹೀನರು ಬಳಸುವ ಪರದೆ ವಾಚಕ ತಂತ್ರಾಂಶ ಕೊಂಡಿಗಳನ್ನಷ್ಟೇ ಪಟ್ಟಿಮಾಡಿ ಓದುವಾಗಲೂ ಆಧಾರ ಅದೇ.

ತಿದ್ದುಪಡಿಯಾದ ಆದೇಶವನ್ನು ಏರಿಸುವಾಗ ವಿಶೇಷ ಎಚ್ಚರ ಅಗತ್ಯ. ಒಂದೇ ತಿಂಗಳಲ್ಲಿ ಅದೇ ಹೆಸರಿನ ಕಡತ ಮತ್ತೆ ಬಂದರೆ ವರ್ಡ್‌ಪ್ರೆಸ್ ಹಳೆಯದನ್ನು ಅಳಿಸದೆ ಹೊಸದರ ಹೆಸರಿಗೆ 1 ಎಂದು ಸೇರಿಸುತ್ತದೆ. ಈಗಾಗಲೇ ಹಂಚಿಹೋದ ಕೊಂಡಿ ರದ್ದಾದ ಆದೇಶವನ್ನೇ ತೋರಿಸುತ್ತಿರುತ್ತದೆ. ಕೊಂಡಿಯ ಪಠ್ಯದಲ್ಲಿ ಆದೇಶದ ದಿನಾಂಕ ನಮೂದಿಸಿ, ಹಳೆಯ ಕಡತವನ್ನು ಸಂಗ್ರಹದಿಂದ ತೆಗೆದು, ಅದರ ವಿಳಾಸವನ್ನು ಹೊಸ ಕಡತದತ್ತ ತಿರುಗಿಸುವುದು ಇದಕ್ಕಿರುವ ಪರಿಹಾರ.