ಹಳೆಯ ಬುಲೆಟ್ ಎಂಜಿನ್ನಿನ ಟೈಮಿಂಗ್ ಮತ್ತು ಟ್ಯಾಪೆಟ್ ದೋಷಗಳು

ಹಳೆಯ ಬುಲೆಟ್ ಎಂದು ಇಲ್ಲಿ ಕರೆದಿರುವುದು ಎರಕದ ಕಬ್ಬಿಣದ ಸಿಲಿಂಡರ್ ಇರುವ 350 ಸಿಸಿ ವರ್ಗದ ರಾಯಲ್ ಎನ್‌ಫೀಲ್ಡನ್ನು. ಇದರ ಮೂಲ ಇಂಗ್ಲೆಂಡಿನ ರೆಡಿಚ್. ಮದ್ರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಆರಂಭವಾದ ಮೇಲೆ ಈ ಎಂಜಿನ್, ಮೂಲ ವಿನ್ಯಾಸ ಹೆಚ್ಚು ಬದಲಾಗದೆ, ಹಲವು ದಶಕ ತಿರುವೊಟ್ಟಿಯೂರಿನ ಕಾರ್ಖಾನೆಯಿಂದ ಹೊರಬಂತು. ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ., ಒಟ್ಟು 346 ಸಿಸಿ. ಮುಂದೆ ಬಂದ ಯುನಿಟ್ ಎಂಜಿನ್ನುಗಳಲ್ಲಿ ಟ್ಯಾಪೆಟ್ಟನ್ನು ಎಣ್ಣೆಯ ಒತ್ತಡವೇ ಸರಿದೂಗಿಸುತ್ತದೆ. ಹಳೆಯದರಲ್ಲಿ ಆ ಕೆಲಸ ಕೈಯಿಂದಲೇ ಆಗಬೇಕು.

ಗ್ಯಾರೇಜಿನಲ್ಲಿ ‘ಟೈಮಿಂಗ್ ಹೋಗಿದೆ’ ಎಂದಾಗ ಅದು ಬಹುಮಟ್ಟಿಗೆ ಕಿಡಿಯ ಟೈಮಿಂಗ್. ವಾಲ್ವಿನ ಟೈಮಿಂಗ್ ಗಿಯರ್ ಹಲ್ಲುಗಳ ಹಿಡಿತದಲ್ಲಿರುವುದರಿಂದ ಸುಮ್ಮನೆ ತಪ್ಪುವುದಿಲ್ಲ. ಬಲಬದಿಯ ಟೈಮಿಂಗ್ ಕವರ್ ಬಿಚ್ಚಿ, ಕ್ಯಾಮ್ ಗಿಯರುಗಳ ಗುರುತು ಕೂಡಿಸದೆ ಮತ್ತೆ ಜೋಡಿಸಿದ್ದರೆ ಮಾತ್ರ ಅದನ್ನು ಅನುಮಾನಿಸಬೇಕು. ಕಿಡಿಯ ವಿಷಯ ಹಾಗಲ್ಲ. ಪಾಯಿಂಟಿನ ಹಿಮ್ಮಡಿ ಕ್ಯಾಮಿಗೆ ಉಜ್ಜಿ ಸವೆದಂತೆ ಗ್ಯಾಪ್ ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ಯಾರೂ ಮುಟ್ಟದೇ ಇದ್ದರೂ ಟೈಮಿಂಗ್ ಹಿಂದೆ ಬೀಳುವುದು ಹೀಗೆ.

ಕಿಡಿ ತಡವಾದ ಗಾಡಿಗೆ ಪಿಕಪ್ ಇರುವುದಿಲ್ಲ. ಎಂಜಿನ್ ಬೇಗ ಕಾಯುತ್ತದೆ, ಸೈಲೆನ್ಸರ್ ಕೊಳವೆ ಬುಡದಲ್ಲಿ ನೀಲಿಗಟ್ಟುತ್ತದೆ. ಕಿಡಿ ಬೇಗನೆ ಬಂದರೆ ಕಿಕ್ಕರ್ ತಿರುಗಿ ಹೊಡೆಯುತ್ತದೆ. ಬುಲೆಟ್ಟಿನ ಕಿಕ್ಕರ್ ಹೀಗೆ ಹೊಡೆದು ಕಾಲಿಗೆ ಪೆಟ್ಟಾಗುವುದುಂಟು, ಆದ್ದರಿಂದ ಈ ಲಕ್ಷಣವನ್ನು ಒಂದು ದಿನವೂ ಕಡೆಗಣಿಸಬಾರದು. ಸೋಮೇಶ್ವರದಿಂದ ಆಗುಂಬೆ ಘಾಟಿಯಂಥ ಏರು ಹತ್ತುವಾಗ ಟಾಪ್ ಗಿಯರಿನಲ್ಲಿ ಥ್ರಾಟಲ್ ತಿರುಗಿಸಿದರೆ ಎಂಜಿನ್ ಒಳಗೆ ಲೋಹ ಕುಟ್ಟಿದಂತೆ ಸದ್ದು ಬರುವುದೂ ಇದರಿಂದಲೇ.

ಟ್ಯಾಪೆಟ್ ಸಡಿಲಾದರೆ ‘ಟಿಕ್ ಟಿಕ್’ ಸದ್ದು ಬರುತ್ತದೆ, ಸವಾರನಿಗೆ ತಾನಾಗಿಯೇ ಗೊತ್ತಾಗುತ್ತದೆ. ಬಿಗಿಯಾದರೆ ಸದ್ದೇ ಇಲ್ಲ, ಅಪಾಯ ಹೆಚ್ಚು. ವಾಲ್ವು ಸೀಟಿನೊಳಕ್ಕೆ ಕೂರುತ್ತಾ ಹೋದಂತೆ ಟ್ಯಾಪೆಟ್ ತಾನಾಗಿ ಬಿಗಿಯಾಗುತ್ತದೆ. ವಾಲ್ವು ಪೂರ್ತಿ ಮುಚ್ಚದೆ ಅದರ ಅಂಚು ಸುಡುತ್ತದೆ. ತಣ್ಣಗಿದ್ದಾಗ ಸುಲಭವಾಗಿ ಚಾಲೂ ಆಗುವ ಗಾಡಿ ಕಾದ ಮೇಲೆ ಹಟ ಮಾಡಿದರೆ ಮೊದಲು ನೋಡಬೇಕಾದದ್ದು ಇದನ್ನೇ. ಗಾಡಿ ಸದ್ದಿಲ್ಲದೆ ಓಡುತ್ತಿದೆ ಎಂದು ನೆಮ್ಮದಿಯಿಂದಿರುವುದು ಬುಲೆಟ್ಟಿನ ಮಟ್ಟಿಗೆ ಸರಿಯಲ್ಲ.

ಕಂಪ್ರೆಷನ್ ಪರೀಕ್ಷೆಗೆ ಉಪಕರಣ ಬೇಕಿಲ್ಲ. ಕಿಕ್ಕರ್ ಮೇಲೆ ನಿಧಾನವಾಗಿ ಭಾರ ಹಾಕಿದರೆ ಅದು ಒಂದು ಹಂತದಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಮೆತ್ತಗೆ ಇಳಿದುಹೋದರೆ ಗಾಳಿ ಎಲ್ಲಿಂದ ಸೋರುತ್ತಿದೆ ಎಂದು ಕಿವಿಗೊಡಬೇಕು. ‘ಸುಸ್’ ಎನ್ನುವ ಸದ್ದು ಸೈಲೆನ್ಸರಿನಿಂದ ಬಂದರೆ ಎಕ್ಸಾಸ್ಟ್ ವಾಲ್ವು, ಕಾರ್ಬ್ಯುರೇಟರಿನಿಂದ ಬಂದರೆ ಇನ್‌ಲೆಟ್ ವಾಲ್ವು, ಕ್ರ್ಯಾಂಕ್‌ಕೇಸಿನ ಉಸಿರುಕೊಳವೆಯಿಂದ ಬಂದರೆ ಪಿಸ್ಟನ್ ರಿಂಗು. ಡಿಕಂಪ್ರೆಸರ್ ಕೇಬಲ್ ಬಿಗಿಯಾಗಿದ್ದರೂ ಕಂಪ್ರೆಷನ್ ಸೋರುವುದರಿಂದ ಅದನ್ನು ಮುಂಚೆಯೇ ನೋಡಿಕೊಳ್ಳಬೇಕು.

ಸರಿಪಡಿಸುವಾಗ ಅನುಕ್ರಮವೇ ಮುಖ್ಯ. ಗಾಡಿ ಉಸಿರುಗಟ್ಟಿದ ಕೂಡಲೇ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸುವ ಅಭ್ಯಾಸ ಎಲ್ಲೆಡೆ ಇದೆ, ಅದು ಬೇರೆ ದೋಷಗಳನ್ನು ಮುಚ್ಚಿಹಾಕುತ್ತದೆ. ಮೊದಲು ಟ್ಯಾಪೆಟ್, ಆಮೇಲೆ ಪಾಯಿಂಟ್ ಗ್ಯಾಪ್, ನಂತರ ಟೈಮಿಂಗ್, ಕಾರ್ಬ್ಯುರೇಟರ್ ಕೊನೆಗೆ. ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಬದಲಾಗುವುದರಿಂದ ಈ ಎರಡನ್ನು ಹಿಂದುಮುಂದಾಗಿ ಮಾಡಿದರೆ ಕೆಲಸವೆಲ್ಲ ವ್ಯರ್ಥ.

ಟ್ಯಾಪೆಟ್ ನೋಡಲು ಎಂಜಿನ್ ಪೂರ್ತಿ ತಣ್ಣಗಿರಬೇಕು, ಪಿಸ್ಟನ್ ಕಂಪ್ರೆಷನ್ನಿನ ತುದಿಯಲ್ಲಿರಬೇಕು. ಸಿಲಿಂಡರಿನ ಬಲಬದಿಯ ಸಣ್ಣ ಮುಚ್ಚಳ ತೆಗೆದರೆ ಎರಡು ಪುಶ್‌ರಾಡ್‌ಗಳ ಕೆಳತುದಿ ಕಾಣುತ್ತದೆ. ಇಲ್ಲಿ ಫೀಲರ್ ಗೇಜಿಗೆ ಕೆಲಸವಿಲ್ಲ, ಬಿಡಬೇಕಾದ ಅಂತರ ಸೊನ್ನೆ. ರಾಡನ್ನು ಎರಡು ಬೆರಳಲ್ಲಿ ಹಿಡಿದರೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಅಲುಗಬಾರದು. ಲಾಕ್ ನಟ್ ಬಿಗಿಮಾಡುವಾಗ ಹೊಂದಿಕೆ ಜರುಗುವುದು ಸಾಮಾನ್ಯ, ಆದ್ದರಿಂದ ಬಿಗಿಮಾಡಿದ ಮೇಲೆ ಇನ್ನೊಮ್ಮೆ ತಿರುಗಿಸಿ ನೋಡಲೇಬೇಕು.

ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಪಾಯಿಂಟಿನ ಮುಖ ಪದೇ ಪದೇ ಸುಟ್ಟು ಕಪ್ಪಾಗುತ್ತಿದ್ದರೆ ಕಂಡೆನ್ಸರ್ ಬದಲಿಸಬೇಕು. ಟೈಮಿಂಗ್‌ಗೆ ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನ ತುದಿ ಮುಟ್ಟಲು 0.8 ಮಿ.ಮೀ. ಇರುವಾಗ ಪಾಯಿಂಟ್ ತೆರೆಯತೊಡಗಬೇಕು. ಗಾಡಿಯನ್ನು ಟಾಪ್ ಗಿಯರಿಗೆ ಹಾಕಿ, ಪ್ಲಗ್ ತೆಗೆದು ಹಿಂಗಾಲಿಯನ್ನು ಕೈಯಿಂದ ತಿರುಗಿಸಿದರೆ ಪಿಸ್ಟನ್ ಬೇಕಾದಷ್ಟೇ ಸರಿಯುತ್ತದೆ. ಪಾಯಿಂಟ್ ತೆರೆಯುವ ಕ್ಷಣವನ್ನು ಹೆಡ್‌ಲೈಟ್ ಮೇಲಿನ ಆಮ್ಮೀಟರೇ ತೋರಿಸುತ್ತದೆ: ಇಗ್ನಿಷನ್ ಕೀ ತಿರುಗಿಸಿದಾಗ ಪಾಯಿಂಟ್ ಮುಚ್ಚಿದ್ದರೆ ಮುಳ್ಳು ಮೈನಸ್ ಕಡೆ ವಾಲಿರುತ್ತದೆ, ತೆರೆದೊಡನೆ ನಡುವಿಗೆ ಬರುತ್ತದೆ. ಪಾಯಿಂಟ್‌ಗಳ ನಡುವೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ, ಅದು ಸಡಿಲಾಗಿ ಜಾರುವ ಗಳಿಗೆ ಹಿಡಿಯುವ ಮೆಕ್ಯಾನಿಕ್‌ಗಳೂ ಇದ್ದಾರೆ. ಆ ವಿಧಾನವೂ ಅಷ್ಟೇ ನಿಖರ.

ಇಷ್ಟಾದರೂ ನಿಧಾನ ಓಟದಲ್ಲಿ ಸರಿಯಿದ್ದು ವೇಗ ಹೆಚ್ಚಿದಾಗ ಎಂಜಿನ್ ಸೊರಗಿದರೆ, ಪಾಯಿಂಟ್ ತಟ್ಟೆಯ ಕೆಳಗಿರುವ ಅಡ್ವಾನ್ಸ್ ಯಂತ್ರದ ತೂಕಗಳು ತುಕ್ಕು ಹಿಡಿದು ಸಿಕ್ಕಿಕೊಂಡಿರಬಹುದು. ಬಿಚ್ಚಿ ತೊಳೆದು, ಸಡಿಲಾದ ಸ್ಪ್ರಿಂಗ್ ಬದಲಿಸಿ, ಹನಿ ಎಣ್ಣೆ ಬಿಟ್ಟು ಜೋಡಿಸಿದ ಮೇಲೆ ಟೈಮಿಂಗನ್ನು ಮತ್ತೆ ಮೊದಲಿನಿಂದ ಕೂಡಿಸಬೇಕು.