ಬೆಂಕಿ ಹತ್ತುವ ಮೊದಲೇ

2024ರ ಮಾರ್ಚ್ 11, ಸೋಮವಾರ. ಮೆಣಸಿನಕಾಯಿ ರೇಟು ಬಿತ್ತು ಅಂತ ಬ್ಯಾಡಗಿ ಎಪಿಎಂಸಿಯಲ್ಲಿ ಗಾಡಿಗಳು ಹೊತ್ತಿ ಉರಿದವು. ಹಾವೇರಿ, ರಾಣೆಬೆನ್ನೂರು ಎಲ್ಲ ಕಡೆ ಅದೇ ಮಾತು. ಕ್ಯಾಮೆರಾಗಳೆಲ್ಲ ಅಲ್ಲೇ. ಅದೇ ತಿಂಗಳ 29ಕ್ಕೆ ಇನ್ನೊಂದು ಬೆಂಕಿ ಹತ್ತುವ ಮೊದಲೇ ಸಿಕ್ಕಿಬಿತ್ತು. ಟಿವಿಯಲ್ಲಿ ತೋರಿಸೋಕೆ ಅದರಲ್ಲಿ ಹೊಗೆಯೇ ಇರಲಿಲ್ಲ.

ಆಂಡ್ರೆಸ್ ಫ್ರಾಯಿಂಡ್ ಅನ್ನೋ ಇಂಜಿನಿಯರ್‌ಗೆ ತನ್ನ ಲಿನಕ್ಸ್ ಯಂತ್ರದಲ್ಲಿ ಲಾಗಿನ್ ಅರ್ಧ ಸೆಕೆಂಡ್ ತಡವಾಗ್ತಿರೋದು ಕಂಡಿತು. ಕೆದಕಿದರು. ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಅನ್ನೋ ಸಣ್ಣ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಕಳ್ಳಬಾಗಿಲು! ಇಟ್ಟಿದ್ದು ಹೊರಗಿನವರಲ್ಲ, ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದು ನಂಬಿಕೆ ಗಳಿಸಿದ್ದ ಅದರ ನಿರ್ವಾಹಕನೇ. ಇಂಟರ್ನೆಟ್ಟಿನ ಬಹುಪಾಲು ಸರ್ವರ್‌ಗಳು ಓಡೋದು ಲಿನಕ್ಸ್ ಮೇಲೆ ಅನ್ನೋದು ನೆನಪಿರಲಿ.

ಹಾಗಾದ್ರೆ ಅದು ಎಲ್ಲ ಕಡೆ ಹಬ್ಬಲಿಲ್ಲ ಯಾಕೆ? ಉತ್ತರ ಬ್ಯಾಡಗಿ ಅಂಗಳದಲ್ಲೇ ಇದೆ. ರೈತ ತಂದ ಚೀಲ ನೇರವಾಗಿ ನಿಮ್ಮ ಅಡುಗೆಮನೆಗೆ ಬರಲ್ಲ. ಚೀಲ ಬಿಚ್ಚಬೇಕು, ಡಬ್ಬಿಯೋ ಕಡ್ಡಿಯೋ ನೋಡಬೇಕು, ತೇವ ಇದೆಯಾ ಅಂತ ಕೈಯಲ್ಲಿ ಹಿಡಿಯಬೇಕು, ಆಮೇಲೆ ಟೆಂಡರ್. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ ಡೆಬಿಯನ್ ಇಂಥದ್ದೇ ಅಂಗಳ. ತಂತ್ರಾಂಶ ಬರೆದವರು ಒಬ್ಬರು, ಅದನ್ನು ನೋಡಿ ಪ್ಯಾಕೇಜ್ ಕಟ್ಟುವವರು ಇನ್ನೊಬ್ಬರು. 1999ರ ಆವೃತ್ತಿಯಲ್ಲಿ ಆಪ್ಟ್ ಬಂತು. ಒಂದು ಆಜ್ಞೆ ಕೊಟ್ರೆ ಬೇಕಾದದ್ದೂ, ಅದಕ್ಕೆ ಬೇಕಾದದ್ದೂ ಒಟ್ಟಿಗೇ ಇಳಿಯುತ್ತಿತ್ತು. ಎಕ್ಸ್‌ಝಡ್‌ನ ವಿಷ ಡೆಬಿಯನ್ನಿನ ಪರೀಕ್ಷೆಯ ಸಾಲಿನಲ್ಲಿತ್ತು, ಜನ ನಂಬಿ ಬಳಸುವ ಸ್ಥಿರ ಆವೃತ್ತಿಗೆ ದಾಟಿರಲಿಲ್ಲ. ಅದೃಷ್ಟವೂ ಇತ್ತು, ಒಪ್ಪೋಣ. ಆದ್ರೆ ಆ ಅದೃಷ್ಟಕ್ಕೆ ಸಮಯ ಕೊಟ್ಟಿದ್ದು ಅಂಗಳದ ನಿಧಾನ.

ನಿಧಾನ ಇಲ್ಲದಿದ್ರೆ ಏನಾಗುತ್ತೆ? ಅದೇ ವರ್ಷದ ಜುಲೈ 19. ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಅಪ್‌ಡೇಟ್ ಯಾರನ್ನೂ ಕೇಳದೆ ನೇರ ಒಳಗೆ ಹೋಯಿತು. ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್ ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಲ್ಲಿ ಬರೆದು ಕೊಟ್ಟರು.

ದಲಾಲಿ ಅಂದ್ರೆ ನಮ್ಮ ಕಡೆ ಅರ್ಧ ಬೈಗುಳ. ಅದಕ್ಕೂ ಕಾರಣ ಇದೆ. 2006ರಲ್ಲಿ ಡೆಬಿಯನ್ನಿನ ಪ್ಯಾಕೇಜ್ ಕಟ್ಟುವಾಗಲೇ ಓಪನ್‌ಎಸ್‌ಎಸ್‌ಎಲ್‌ನ ಸಾಲುಗಳನ್ನು ತೆಗೆದುಹಾಕಿದರು. ಮೂಲ ತಂತ್ರಾಂಶ ಸರಿಯಿತ್ತು, ಕೆಡಿಸಿದ್ದು ಮಧ್ಯದವರು. ಬೀಗದ ಕೀಲಿಗಳು ಊಹಿಸುವಷ್ಟು ಸುಲಭವಾದವು, ಗೊತ್ತಾಗಿದ್ದು 2008ರ ಮೇನಲ್ಲಿ. ಹೆಚ್ಚುಕಮ್ಮಿ ಎರಡು ವರ್ಷ!

ಆದ್ರೂ ನನ್ನ ಮತ ಅಂಗಳಕ್ಕೇ. ಭದ್ರತೆಯ ತಿದ್ದುಪಡಿ ಮಾತ್ರ ಕಾಯಬಾರದು. ಉಬುಂಟು ಅದನ್ನು ತಾನೇ ಹಾಕಿಕೊಳ್ಳುತ್ತೆ, ತನ್ನ ಭಂಡಾರದಿಂದಲೇ. ಈಗ ಅಲ್ಲೂ ಸ್ನ್ಯಾಪ್ ಬಂದಿದೆ. ಇದರಲ್ಲಿ ತಯಾರಕರೇ ನೇರ ಕಳಿಸಬಹುದು, ದಿನಕ್ಕೆ ನಾಲ್ಕು ಬಾರಿ ತಾನಾಗಿ ಹುಡುಕುತ್ತೆ. ಬೇಡ, ನಿಲ್ಲು ಅಂತ ಬೇಕಾದಷ್ಟು ದಿನ ತಡೆಯುವ ಆಯ್ಕೆ ಬಳಕೆದಾರರಿಗೆ ಸಿಕ್ಕಿದ್ದು 2022ರ ಕೊನೆಗೆ. ಸೋಮವಾರ ಟೆಂಡರ್ ಹೊತ್ತಿಗೆ ಬಿಲ್ಲಿಂಗ್ ಯಂತ್ರ ತಾನಾಗಿ ಬದಲಾಗಬಾರದು ಅನ್ನೋ ರಾಣೆಬೆನ್ನೂರಿನ ವ್ಯಾಪಾರಿಗೆ ಬೇಕಾಗಿದ್ದೂ ಅಷ್ಟೇ, ಆ ಒಂದು ಗುಂಡಿ.